ಕಾಪುವಿನಿಂದ ಶಿರ್ವದವರೆಗೆ

ಮೋಕ್ಷಾಳ ಕುತ್ತಿಗೆಯ ಹಿಂದೆ ಒಂದು ಕಪ್ಪು ಪಟ್ಟಿ ಮೂಡಿತ್ತು. ಅದು ಕೊಳೆಯೆಂದೇ ಮನೆಯವರೆಲ್ಲ ತಿಳಿದಿದ್ದರು. ಅಜ್ಜಿ ಚಂಪಕ್ಕ ಕಡಲೆಹಿಟ್ಟು ಹಚ್ಚಿ ತಿಕ್ಕಿದಳು. ತಾಯಿ ಸ್ವರ್ಣಲತಾ ತೆಂಗಿನ ನಾರು ಹಿಡಿದು ತಿಕ್ಕಿದಳು. ಹುಡುಗಿ ಅತ್ತದ್ದೇ ಬಂತು, ಪಟ್ಟಿ ಹೋಗಲಿಲ್ಲ.

ಆಗಸ್ಟಿನಲ್ಲಿ ಶಾಲೆಯ ಓಟದ ಆಯ್ಕೆ ನಡೆದಾಗ ಮೋಕ್ಷಾ ಅರ್ಧ ಸುತ್ತು ಓಡುವಷ್ಟರಲ್ಲಿ ಉಸಿರು ಸಿಕ್ಕದೆ ಮೈದಾನದ ನಡುವೆಯೇ ಕುಳಿತುಬಿಟ್ಟಳು. ಪಿ.ಟಿ. ಮೇಷ್ಟ್ರು ಡಾಕ್ಟರಿಗೆ ತೋರಿಸಿ ಎಂದು ಚೀಟಿ ಬರೆದು ಕಳುಹಿಸಿದರು. ಡಾಕ್ಟರಮ್ಮ ಮೊದಲು ನೋಡಿದ್ದೇ ಕುತ್ತಿಗೆಯನ್ನು, ಆಮೇಲೆ ರಕ್ತದ ರಿಪೋರ್ಟನ್ನು.

"ಇದು ಕೊಳೆ ಅಲ್ಲ. ತಿಕ್ಕಿ ತಿಕ್ಕಿ ಚರ್ಮ ಕೆಂಪಾಗಿದೆ, ಪಾಪ. ಮೈಯಲ್ಲಿ ಸಕ್ಕರೆ ಸರಿಯಾಗಿ ಕರಗುತ್ತಿಲ್ಲ ಎನ್ನುವುದಕ್ಕೆ ಗುರುತು ಇದು. ರಕ್ತ ಪರೀಕ್ಷೆಯಲ್ಲೂ ಕಾಯಿಲೆಯ ಅಂಚಿಗೆ ಬಂದು ನಿಂತಿದೆ. ಹನ್ನೊಂದು ವರ್ಷಕ್ಕೆ ಐವತ್ತನಾಲ್ಕು ಕಿಲೋ!"

"ಮದ್ದು ಬರೆದು ಕೊಡ್ತೀರಾ?" ಎಂದು ಸ್ವರ್ಣಲತಾ ಕೇಳಿದಳು.

"ಈಗ ಮದ್ದು ಬೇಡ. ದಿನಕ್ಕೆ ಒಂದು ಗಂಟೆ ಮೈ ಬೆವರಬೇಕು. ಓಡಲಿ, ಆಡಲಿ, ಈಜಲಿ, ಏನಾದರೂ ಮಾಡಲಿ. ನವೆಂಬರಿನಲ್ಲಿ ಮತ್ತೆ ನೋಡುವ. ಆಗಲೂ ಹೀಗೇ ಇದ್ದರೆ ಮದ್ದಿನ ಮಾತು."

ಸ್ವರ್ಣಲತಾ ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಬಿಲ್ಲಿಂಗ್ ವಿಭಾಗದವಳು. ಸಕ್ಕರೆ ಕಾಯಿಲೆಯವರ ಕಾಲುಬೆರಳು ತೆಗೆದದ್ದಕ್ಕೆ, ಕಣ್ಣಿನ ಚಿಕಿತ್ಸೆಗೆ, ಕಿಡ್ನಿಗೆ ಎಂದು ದಿನಾ ಬಿಲ್ಲು ಮಾಡುವುದೇ ಅವಳ ಕೆಲಸ. ಆ ಜನರೆಲ್ಲ ಅವಳಿಗೆ ಅರುವತ್ತು ದಾಟಿದವರಾಗಿ ಕಾಣುತ್ತಿದ್ದರು. ಹನ್ನೊಂದರ ಹುಡುಗಿಯನ್ನು ಅವಳು ಆ ಸಾಲಿನಲ್ಲಿ ಎಣಿಸಿಯೇ ಇರಲಿಲ್ಲ.

ಅವರದು ಪರ್ಕಳದಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ. ಸ್ವರ್ಣಲತಾಳ ಗಂಡ ಸುಕೇಶ್ ಉಡುಪಿಯ ಟೈಲ್ಸ್ ಅಂಗಡಿಯಲ್ಲಿ ಸೇಲ್ಸ್‌ಮನ್. ಅವನ ತಾಯಿ ಚಂಪಕ್ಕ ಕಾಪುವಿನ ಕಡಲ ದಡದವಳು, ಆರು ವರ್ಷದಿಂದ ಇವರ ಜೊತೆಗಿದ್ದಾಳೆ. ಅಡುಗೆ ಅವಳದೇ. ಅಂದು ರಾತ್ರಿ ಕುಚ್ಚಲಕ್ಕಿ ಅನ್ನ, ಬಂಗುಡೆ ಹುಳಿ, ಹುರಿದ ಬಂಗುಡೆ. ಮೋಕ್ಷಾಳ ತಟ್ಟೆಗೆ ಚಂಪಕ್ಕ ಮೂರನೆಯ ತುಂಡು ಹಾಕುತ್ತಿದ್ದಂತೆ ಸ್ವರ್ಣಲತಾ ತಟ್ಟೆಯನ್ನೇ ಎಳೆದುಕೊಂಡಳು.

"ಸಾಕು ಮಾಮಿ. ಡಾಕ್ಟರು ಎಂತ ಹೇಳಿದ್ದು ಅಂತ ಹೇಳಿದೆನಲ್ಲ?"

"ಮೀನಿನಿಂದ ಯಾರಿಗೆ ಕಾಯಿಲೆ ಬಂದದ್ದು?"

"ಮೀನಿನಿಂದ ಅಲ್ಲ. ಸಂಜೆ ಬನ್ಸ್, ಮತ್ತೆ ಬೆಲ್ಲ ಹಾಕಿದ ದೋಸೆ, ಮತ್ತೆ ಚಿಪ್ಸ್. ಕೇಳಿದ್ದಕ್ಕೆಲ್ಲ ನೀವು ಹೂಂ ಅನ್ನುವುದು."

"ಬೆಳೆಯುವ ಮಗು ಹಸಿವು ಅಂದರೆ ಇಲ್ಲ ಅನ್ನಲಿಕ್ಕೆ ಆಗ್ತದಾ?" ಚಂಪಕ್ಕ ಸೌಟು ಕೆಳಗಿಟ್ಟಳು. "ನಾನು ಮೊಮ್ಮಗಳಿಗೆ ವಿಷ ಹಾಕಿದೆ ಅಂತಲಾ ನೀನು ಹೇಳುವುದು?"

"ಹಾಗೆ ಹೇಳಲಿಲ್ಲ."

"ಟ್ಯೂಷನ್, ಟ್ಯೂಷನ್ ಅಂತ ಶಾಲೆಯಿಂದ ಬಂದ ಮಗುವನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿದ್ದು ಯಾರು?"

ಸುಕೇಶ್ ಮೊಬೈಲಿನಿಂದ ತಲೆಯೆತ್ತಿ, "ಎಲ್ಲದಕ್ಕೂ ಈ ಮೊಬೈಲೇ ಕಾರಣ," ಎಂದ. ಇಬ್ಬರು ಹೆಂಗಸರೂ ಒಟ್ಟಿಗೆ ಅವನತ್ತ ನೋಡಿದ ನೋಟಕ್ಕೆ ಅವನು ಮೊಬೈಲನ್ನು ಮಗುಚಿ ಇಟ್ಟ. ಮೋಕ್ಷಾ ತಟ್ಟೆಯಿಲ್ಲದ ಮೇಜಿನ ಮುಂದೆ ತಲೆತಗ್ಗಿಸಿ ಕುಳಿತಿದ್ದಳು. ತನ್ನ ಬಗ್ಗೆ ಮಾತಾಡುವಾಗಲೆಲ್ಲ ಅವಳು ಹೀಗೆ ಮುದುಡುತ್ತಿದ್ದಳು.

ಮರುದಿನದಿಂದ ಅಡುಗೆಮನೆ ಸ್ವರ್ಣಲತಾಳ ಕೈಗೆ ಹೋಯಿತು. ಬೆಳಿಗ್ಗೆ ಐದಕ್ಕೆ ಎದ್ದು ಹೆಸರುಕಾಳು ಬೇಯಿಸಿ, ಸೌತೆಕಾಯಿ ಹೆಚ್ಚಿಟ್ಟು, ಡಬ್ಬಗಳನ್ನೆಲ್ಲ ಮೇಲಿನ ಅಟ್ಟಕ್ಕೇರಿಸಿ ಅವಳು ಆಸ್ಪತ್ರೆಗೆ ಓಡುತ್ತಿದ್ದಳು. ಚಂಪಕ್ಕ ಟಿವಿಯ ಮುಂದೆ ಕುಳಿತಳು. ಕೈಗೆ ಕೆಲಸವಿರಲಿಲ್ಲ, ಬಾಯಿಗೆ ಮಾತಿರಲಿಲ್ಲ.

ಮೈ ಬೆವರಿಸುವ ಕೆಲಸ ಸುಕೇಶನ ಪಾಲಿಗೆ ಬಂತು. ಅವನು ಹಗ್ಗ ತಂದ. ಮೋಕ್ಷಾ ಹಾರಿದ ಮೂರನೆಯ ದಿನ ಕೆಳಗಿನ ಮನೆಯ ಮಾಲೀಕರು ಬಂದು, "ಸುಕೇಶ್, ನಮ್ಮ ಫ್ಯಾನ್ ಅಲುಗಾಡ್ತಾ ಉಂಟು ಮಾರಾಯ್ರೆ," ಎಂದರು. ಅವರು ನಗುತ್ತಲೇ ಹೇಳಿದ್ದು. ಮೋಕ್ಷಾ ಮಾತ್ರ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಗ್ಗ ಮೂಲೆ ಸೇರಿತು. ಬಳಿಕ ತಂದೆ ಮಗಳು ಬೆಳಿಗ್ಗೆ ವಾಕಿಂಗ್ ಹೊರಟರು. ನಾಲ್ಕನೆಯ ದಿನ ಸ್ವರ್ಣಲತಾಳ ಸಹೋದ್ಯೋಗಿಯೊಬ್ಬಳು, ಇಬ್ಬರೂ ಹೋಟೆಲಿನಲ್ಲಿ ಗೋಳಿಬಜೆಯ ತಟ್ಟೆ ಮುಂದಿಟ್ಟು ಕುಳಿತದ್ದನ್ನು ಕಂಡಳು. ಅಲ್ಲಿಗೆ ವಾಕಿಂಗೂ ಮುಗಿಯಿತು.

ಚೌತಿ ಕಳೆದ ಮೇಲೆ ಸ್ವರ್ಣಲತಾ ತಾನೇ ಓಡಾಡಿ ಮಣಿಪಾಲದಲ್ಲಿ ಮಕ್ಕಳ ಡ್ಯಾನ್ಸ್ ಕ್ಲಾಸೊಂದನ್ನು ಗೊತ್ತುಮಾಡಿದಳು. ಶಾಲೆಯಿಂದ ಐದು ನಿಮಿಷದ ದಾರಿ, ಒಂದು ಕಟ್ಟಡದ ಮೂರನೆಯ ಮಾಳಿಗೆ. ಸಂಜೆ ನಾಲ್ಕೂವರೆಯಿಂದ ಐದೂವರೆ. ಮೂರು ತಿಂಗಳ ಫೀಸನ್ನು ಮೊದಲೇ ಕಟ್ಟಿದಳು. ಅವಳ ಡ್ಯೂಟಿ ಬಿಡುವುದು ಆರಕ್ಕೆ. ಹಾಗಾಗಿ ಮಗುವನ್ನು ಕರೆತರುವ ಕೆಲಸಕ್ಕೆ ಚಂಪಕ್ಕನೇ ಬೇಕಾಯಿತು. ಪರ್ಕಳದಿಂದ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲೇ ಕರೆತರುವುದು.

ಎರಡನೆಯ ವಾರ ಒಂದು ದಿನ ಚಂಪಕ್ಕ ಬೇಗ ಹೊರಟು ಅರ್ಧ ಗಂಟೆ ಮೊದಲೇ ಅಲ್ಲಿಗೆ ತಲುಪಿದಳು. ಮೊಮ್ಮಗಳು ಕುಣಿಯುವುದನ್ನು ಒಮ್ಮೆ ಕಣ್ಣುತುಂಬ ನೋಡಬೇಕೆಂದು ಅವಳಿಗೆ ಆಸೆ. ಕಟ್ಟಡದ ಮೆಟ್ಟಿಲ ಕೆಳಗೆ, ಜನರೇಟರಿನ ಪಕ್ಕ, ಮೋಕ್ಷಾ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

"ಇದೆಂತ ಮಗಾ, ಕ್ಲಾಸಿಲ್ವಾ?"

ಹುಡುಗಿ ಬ್ಯಾಗನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು. ಆಮೇಲೆ ಒಮ್ಮೆಲೇ ಅಳು. "ಅಲ್ಲಿ ನಾಲ್ಕು ಗೋಡೆಗೂ ಕನ್ನಡಿ ಅಜ್ಜಿ. ಎತ್ತ ತಿರುಗಿದರೂ ನಾನೇ ಕಾಣುವುದು. ಹಿಂದಿನವರು ನಗ್ತಾರೆ. ನಾನು ಎರಡೇ ದಿನ ಹೋದದ್ದು. ಅಮ್ಮನಿಗೆ ಹೇಳಬೇಡ."

ಚಂಪಕ್ಕ ಮೇಲಿನ ಮಾಳಿಗೆಯತ್ತ ನೋಡಿದಳು. ಡೋಲು ಬಡಿದಂಥ ಸಂಗೀತ ಕೇಳಿಬರುತ್ತಿತ್ತು. ಸೆರಗಿನಿಂದ ಮಗುವಿನ ಮುಖ ಒರೆಸಿ, "ಏಳು. ಮನೆಗೆ ಹೋಗುವ," ಎಂದಳು.

ಆ ಹೊತ್ತಿನ ಬಸ್ಸುಗಳೆಲ್ಲ ಕಾಲೇಜಿನ ಮಕ್ಕಳಿಂದ ತುಂಬಿ ನೇತಾಡುತ್ತಿದ್ದವು. ಮೂರು ಬಸ್ಸು ಬಿಟ್ಟ ಮೇಲೆ ಚಂಪಕ್ಕ, "ನಡೆದೇ ಹೋಗುವ, ಎಷ್ಟು ದೂರ ಅದು," ಎಂದು ಹೊರಟೇಬಿಟ್ಟಳು.

ಮೂರು ಕಿಲೋಮೀಟರ್ ದಾರಿ. ಮೋಕ್ಷಾ ತನ್ನ ಅಜ್ಜಿ ನಡೆಯುವುದನ್ನು ಅದುವರೆಗೆ ನೋಡಿರಲೇ ಇಲ್ಲ. ಅಡುಗೆಮನೆಯಿಂದ ಟಿವಿಯವರೆಗೆ, ಟಿವಿಯಿಂದ ಬಸ್‌ಸ್ಟಾಪಿನವರೆಗೆ ಸೊಂಟ ಹಿಡಿದು ಕಾಲೆಳೆಯುವ ಅಜ್ಜಿಯನ್ನಷ್ಟೇ ಅವಳು ಬಲ್ಲಳು. ಈಗ ಮುಂದೆ ಹೋಗುತ್ತಿದ್ದವಳು ಬೇರೆಯೇ ಯಾರೋ. ಮೊದಲ ನೂರು ಹೆಜ್ಜೆ ಕುಂಟಿದಂತೆ ಕಂಡಿತು. ಆಮೇಲೆ ಮೈ ಬಿಸಿಯಾದಂತೆ ಅಜ್ಜಿಯ ಬೆನ್ನು ನೆಟ್ಟಗಾಯಿತು, ಸೀರೆಯ ನೆರಿಗೆ ಸೊಂಟಕ್ಕೇರಿತು, ಕೈಗಳು ಬೀಸತೊಡಗಿದವು. ಅದು ನಡಿಗೆಯೂ ಅಲ್ಲ, ಓಟವೂ ಅಲ್ಲ. ಈಶ್ವರನಗರದ ಇಳಿಜಾರಿಗೆ ಬರುವಷ್ಟರಲ್ಲಿ ಮೋಕ್ಷಾ ಐವತ್ತು ಮಾರು ಹಿಂದೆ ಬಿದ್ದಿದ್ದಳು.

"ಅಜ್ಜೀ... ನಿಲ್ಲು!"

ಚಂಪಕ್ಕ ಆಗಲೇ ತಿರುಗಿ ನೋಡಿದ್ದು. ಅವಳಿಗೇ ಆಶ್ಚರ್ಯವಾಗಿತ್ತು. "ಅಯ್ಯೋ, ಕಾಲು ತಾನಾಗಿ ಹೋಯಿತು ನೋಡು."

"ಇಷ್ಟು ಜೋರು ಹೇಗೆ ನಡೀತಿ?"

"ಮೀನು ಮಾರುವವಳು ಮೆಲ್ಲ ನಡೆದರೆ ಆಗ್ತದಾ? ಆಗ ನಮಗೆ ಐಸು ಎಲ್ಲಿತ್ತು? ಬಿಸಿಲು ಏರುವ ಮೊದಲು ಶಿರ್ವ ಮುಟ್ಟಬೇಕು."

"ಎಲ್ಲಿಂದ?"

"ಕಾಪುವಿನಿಂದ."

ಮೋಕ್ಷಾ ರಸ್ತೆಬದಿಯ ಮೋರಿಯ ಮೇಲೆ ಕುಳಿತು ಅಜ್ಜಿಯ ಮೊಬೈಲಿನಲ್ಲಿ ನಕಾಶೆ ತೆರೆದಳು. ಕಾಪುವಿನ ಕಡಲ ಕರೆಯಿಂದ ಶಿರ್ವಕ್ಕೆ ಹತ್ತಿರ ಹತ್ತಿರ ಹನ್ನೆರಡು ಕಿಲೋಮೀಟರ್ ಎಂದು ಅದು ತೋರಿಸಿತು. ಅವಳು ಅದನ್ನು ಎರಡು ಸಲ ನೋಡಿದಳು.

"ದಿನಾ?"

"ಕಡಲಿಗೆ ದೋಣಿ ಇಳಿದ ದಿನವೆಲ್ಲ. ಇಪ್ಪತ್ತನಾಲ್ಕು ವರ್ಷ."

"ಬುಟ್ಟಿ ಎಷ್ಟು ಭಾರ?"

"ನಿನ್ನ ಅಷ್ಟು ಇರಲಿಕ್ಕಿಲ್ಲ," ಎಂದು ಚಂಪಕ್ಕ ನಕ್ಕಳು. "ಮೂವತ್ತು ಕಿಲೋ ಇರಬಹುದು. ಬಂಗುಡೆ ರಾಶಿ ಬಿದ್ದ ದಿನ ಹೆಚ್ಚೂ ಇತ್ತು."

ತನ್ನ ತೂಕದ ಮಾತು ಬಂದರೂ ಮೋಕ್ಷಾಳಿಗೆ ಅಂದು ನಾಚಿಕೆಯಾಗಲಿಲ್ಲ. ಅವಳು ಅಜ್ಜಿಯ ಕುತ್ತಿಗೆಯನ್ನು, ಅಗಲವಾಗಿ ಹರಡಿದ ಒಡಕು ಪಾದಗಳನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದಳು.

"ನಾಳೆಯೂ ನಡೆಯುವನಾ ಅಜ್ಜಿ?" ಎಂದಳು.

ಹೀಗೆ ಅದು ಶುರುವಾಯಿತು. ಶಾಲೆ ಬಿಡುವ ಹೊತ್ತಿಗೆ ಅಜ್ಜಿ ಗೇಟಿನ ಬಳಿ ಇರುತ್ತಿದ್ದಳು. ಡ್ಯಾನ್ಸ್ ಕ್ಲಾಸಿನ ಒಂದು ಗಂಟೆಯಲ್ಲಿ ಇಬ್ಬರೂ ನಡೆದು ಪರ್ಕಳ ಸೇರುತ್ತಿದ್ದರು. ಮನೆಯಲ್ಲಿ ಹೇಳಲಿಲ್ಲ. ಹೇಳಬೇಕೆಂದು ಚಂಪಕ್ಕನಿಗೆ ಅನಿಸುತ್ತಿತ್ತು. ಆದರೆ ಸೊಸೆಯೊಡನೆ ಮಾತೇ ನಿಂತಿತ್ತು, ಕಟ್ಟಿದ ಫೀಸಿನ ನೆನಪಾದರೆ ಹೆದರಿಕೆ ಬೇರೆ.

ಮೊದಮೊದಲು ಮೋಕ್ಷಾ ನಾಲ್ಕು ಕಡೆ ಕೂರುತ್ತಿದ್ದಳು. ಚಂಪಕ್ಕ ಬಯ್ಯಲಿಲ್ಲ, ಹುರಿದುಂಬಿಸಲೂ ಇಲ್ಲ. ದಾರಿಯ ಕಥೆ ಹೇಳುತ್ತ ಮುಂದೆ ಹೋಗುತ್ತಿದ್ದಳು. ಕೇಳಬೇಕಾದರೆ ಹತ್ತಿರ ಬರಲೇಬೇಕು. ಮಲ್ಲಾರಿನ ಆಸ್ಯಾಬಿ ಬಂಗುಡೆಯ ಕಿವಿರು ಎತ್ತಿ ನೋಡದೆ ತೆಗೆದುಕೊಳ್ಳುತ್ತಿರಲಿಲ್ಲ. ಚಂದ್ರನಗರದಲ್ಲಿ ಒಂದು ನಾಯಿ ಎರಡು ಬೂತಾಯಿ ಮೀನು ಎಸೆದ ಮೇಲೆಯೇ ದಾರಿ ಬಿಡುತ್ತಿತ್ತು. ಶಿರ್ವದ ಫೌಸ್ಟಿನರ ಮನೆಯಲ್ಲಿ ಅಂಜಲ್ ಮೀನಿನ ತಲೆ ಯಾರಿಗೆಂದು ಅಣ್ಣತಮ್ಮಂದಿರು ಜಗಳಾಡುತ್ತಿದ್ದರು. ಕಥೆಗೆ ಕಿವಿಗೊಟ್ಟು ನಡೆಯುವ ಹುಡುಗಿಗೆ ತಾನು ಕೂರುವುದನ್ನು ಮರೆತದ್ದು ಗೊತ್ತಾಗಲೇ ಇಲ್ಲ. ದಸರಾ ರಜೆಯಲ್ಲಿ ಅವರು ಪರ್ಕಳದಿಂದ ಮಣಿಪಾಲಕ್ಕೆ ಏರು ಹತ್ತತೊಡಗಿದರು. ಮೊದಲ ದಿನ ಐದು ಕಡೆ ನಿಂತರು. ರಜೆ ಮುಗಿಯುವ ಹೊತ್ತಿಗೆ ಒಂದೇ ಕಡೆ.

ದೀಪಾವಳಿ ಕಳೆದು ನವೆಂಬರಿನಲ್ಲಿ ಸ್ವರ್ಣಲತಾ ಮಗಳನ್ನು ಡಾಕ್ಟರ ಬಳಿ ಕರೆದೊಯ್ದಳು. ತೂಕ ಎರಡು ಕಿಲೋ ಇಳಿದಿತ್ತು, ಎತ್ತರ ಏರಿತ್ತು. ರಕ್ತದ ಸಕ್ಕರೆ ಅಂಚಿನಿಂದ ಹಿಂದೆ ಸರಿದಿತ್ತು.

"ಎಂತ ಮಾಡಿಸಿದಿರಿ?" ಎಂದರು ಡಾಕ್ಟರಮ್ಮ.

"ಡ್ಯಾನ್ಸ್ ಕ್ಲಾಸಿಗೆ ಹಾಕಿದ್ದೇವೆ ಮೇಡಂ."

"ಬಿಡಿಸಬೇಡಿ. ಬಹಳ ಒಳ್ಳೆಯ ಕ್ಲಾಸ್ ಇರಬೇಕು."

ಮೋಕ್ಷಾ ಕುರ್ಚಿಯ ಹಿಡಿಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಅಂದೇ ಸಂಜೆ ಸ್ವರ್ಣಲತಾ ಡ್ಯೂಟಿ ಮುಗಿಸಿ ಒಂದು ಪೆಟ್ಟಿಗೆ ಸಿಹಿತಿಂಡಿ ಹಿಡಿದು ಮೂರು ಮಾಳಿಗೆ ಹತ್ತಿದಳು. ಮುಂದಿನ ಮೂರು ತಿಂಗಳಿಗೂ ಹೆಸರು ಬರೆಸುವುದಿತ್ತು. ಕ್ಲಾಸಿನ ಹುಡುಗಿ ಅವಳ ಮುಖವನ್ನೂ ಸಿಹಿಯ ಪೆಟ್ಟಿಗೆಯನ್ನೂ ನೋಡಿ, ತಬ್ಬಿಬ್ಬಾಗಿ ಹೇಳಿದಳು: "ಮೋಕ್ಷಾನಾ? ಅವಳು ಎರಡು ದಿನ ಬಂದದ್ದು ಅಷ್ಟೇ ಆಂಟಿ. ನಿಮಗೆ ಮೆಸೇಜ್ ಕೂಡ ಹಾಕಿದ್ದೆ." ಹಾಕಿದ್ದ ನಂಬರು ಸುಕೇಶನದು. ಅವನು ನೋಡಿರಲೇ ಇಲ್ಲ.

ಅಂದು ಮನೆಯಲ್ಲಿ ಒಲೆ ಹತ್ತಲಿಲ್ಲ.

"ಎರಡು ತಿಂಗಳು!" ಸ್ವರ್ಣಲತಾ ಕೈಚೀಲವನ್ನೂ ಇಳಿಸಿರಲಿಲ್ಲ. "ಎರಡು ತಿಂಗಳು ನನ್ನ ಮಗಳು ಆ ಹೈವೇಯಲ್ಲಿ, ಲಾರಿಗಳ ನಡುವೆ ನಡೆದಿದ್ದಾಳೆ. ನನಗೆ ಗೊತ್ತಿಲ್ಲ! ಈಶ್ವರನಗರದ ತಿರುವಿನಲ್ಲಿ ಆಕ್ಸಿಡೆಂಟ್ ಆದವರ ಬಿಲ್ಲು ಮಾಡುವವಳು ನಾನು. ಗೊತ್ತುಂಟಾ ನಿಮಗೆ?"

"ಮಗುವನ್ನು ಒಳಬದಿಯಲ್ಲೇ ಇಟ್ಟುಕೊಂಡು ನಡೆದದ್ದು," ಎಂದಳು ಚಂಪಕ್ಕ.

"ಅಮ್ಮಾ, ಅಜ್ಜಿಯನ್ನು ಬಯ್ಯಬೇಡ, ನಾನೇ ಹೇಳಬೇಡ ಅಂದದ್ದು..."

"ನೀನು ಬಾಯಿ ಮುಚ್ಚು! ಮಕ್ಕಳಿಗೆ ಸುಳ್ಳು ಹೇಳಲಿಕ್ಕೆ ಕಲಿಸುವುದಾ ಮಾಮಿ? ಆರು ವರ್ಷದಿಂದ ಟಿವಿ ಮುಂದೆ ಕೂತವರು ಈಗ ನನ್ನ ಮಗಳಿಗೆ ನಡೆಯಲಿಕ್ಕೆ ಕಲಿಸುವುದು!"

ಚಂಪಕ್ಕನ ಮುಖ ಸಣ್ಣದಾಯಿತು. ಅವಳು ಸೊಸೆಯನ್ನು ಬಿಟ್ಟು ಮಗನತ್ತ ನೋಡಿದಳು. "ಕೂರಿಸಿದ್ದು ಯಾರು ಅಂತ ಇವನಲ್ಲಿ ಕೇಳು."

ಸುಕೇಶ್ ಗೋಡೆಗೊರಗಿ ನಿಂತಿದ್ದವನು ನಿಧಾನವಾಗಿ ಹೇಳಿದ: "ನಾನೇ. ಕೆಲಸ ಸಿಕ್ಕಿದ ವರ್ಷ ನಾನೇ ಬುಟ್ಟಿ ಬಿಡಿಸಿದ್ದು. ಶಿರ್ವದ ಕಾಲೇಜಿನಲ್ಲಿ ನಾನು ಓದುವಾಗ, ಅಮ್ಮ ಬುಟ್ಟಿ ಹೊತ್ತು ಗೇಟಿನ ಮುಂದೆ ಹೋಗುವುದನ್ನು ಕಂಡರೆ ಕಂಬದ ಹಿಂದೆ ನಿಲ್ಲುತ್ತಿದ್ದೆ. ಸಾಕು, ಇನ್ನು ಕೂತು ತಿನ್ನು ಅಂದೆ. ಸುಖ ಕೊಟ್ಟೆ ಅಂತ ತಿಳಿದಿದ್ದೆ."

ಚಂಪಕ್ಕ, "ಸುಳ್ಳು ಹೇಳಿಸಿದ್ದು ನನ್ನ ತಪ್ಪು. ಅದಕ್ಕೆ ನೀನು ಬೈದದ್ದು ಸರಿ," ಎಂದು ಒಳಗೆ ಹೋದಳು. ಬೆಳಿಗ್ಗೆ ನೋಡಿದರೆ ಬಟ್ಟೆಚೀಲ ತುಂಬಿಸಿಕೊಂಡು ಹೊರಟು ನಿಂತಿದ್ದಳು. ಕಾರ್ಕಳದಲ್ಲಿ ಮಗಳು ಪ್ರಫುಲ್ಲಾ ಇದ್ದಾಳೆ, ಸ್ವಲ್ಪ ದಿನ ಅಲ್ಲಿರುತ್ತೇನೆ ಎಂದಳು. ಸುಕೇಶ್ ತಡೆದ. ಸ್ವರ್ಣಲತಾ ತಡೆಯಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಮೋಕ್ಷಾ ಬಸ್ಸು ಕಣ್ಮರೆಯಾಗುವವರೆಗೆ ನಿಂತಿದ್ದು ಶಾಲೆಗೆ ತಡವಾಗಿ ಹೋದಳು.

ಆ ಸಂಜೆ ಸ್ವರ್ಣಲತಾ ಮಗಳಿಗೆ ಆಟೋ ಗೊತ್ತುಮಾಡಿದ್ದಳು. ಆಟೋದವನು ಫೋನು ಮಾಡಿದ: "ಅಕ್ಕಾ, ಮಗು ಹತ್ತುವುದಿಲ್ಲ ಅಂತಾಳೆ. ನಡೆದು ಹೋಗ್ತೇನೆ ಅಂತಾಳೆ." ಸ್ವರ್ಣಲತಾ ಮೇಲಧಿಕಾರಿಯಲ್ಲಿ ಬೇಡಿ ಬಿಡಿಸಿಕೊಂಡು ಓಡಿಬಂದಳು. ಮೋಕ್ಷಾ ಗೇಟಿನ ಬಳಿ ಬ್ಯಾಗು ಬೆನ್ನಿಗೇರಿಸಿ ನಿಂತಿದ್ದಳು, ಮುಖ ಗಂಟಿಕ್ಕಿಕೊಂಡು. ಹೆದರಿದ ಹಾಗಿರಲಿಲ್ಲ.

"ಹತ್ತು ಆಟೋ."

"ಬೇಡಮ್ಮ. ಇವತ್ತು ಬಿಟ್ಟರೆ ಕಾಲು ಮರೆತುಬಿಡ್ತದೆ ಅಂತ ಅಜ್ಜಿ ಹೇಳಿದ್ದು."

ಸ್ವರ್ಣಲತಾಳಿಗೆ ಸಿಟ್ಟು ಬಂತು, ಅಳುವೂ ಬಂತು. ಆಟೋದವನನ್ನು ಕಳುಹಿಸಿ, "ನಡಿ. ನಾನೂ ನೋಡ್ತೇನೆ," ಎಂದಳು.

ಡ್ಯೂಟಿಯ ಚಪ್ಪಲಿ ಒಂದು ಕಿಲೋಮೀಟರಿಗೇ ಹಿಮ್ಮಡಿ ಕಚ್ಚಿತು. ಮೂವತ್ತೆಂಟರ ಸ್ವರ್ಣಲತಾ ದಿನಕ್ಕೆ ಎಂಟು ಗಂಟೆ ಕುಳಿತವಳು. ಇಳಿಜಾರಿನಲ್ಲಿ ಬೆವರು ಕಣ್ಣಿಗಿಳಿಯಿತು. ಮುಂದೆ ಮಗಳು ರಸ್ತೆಯಂಚಿನ ಮಣ್ಣಿನ ಮೇಲೆ ಕೈ ಬೀಸುತ್ತ, ಬೆನ್ನು ನೆಟ್ಟಗೆ ಮಾಡಿ ಹೋಗುತ್ತಿದ್ದಳು. ಆಗಸ್ಟಿನಲ್ಲಿ ಮೈದಾನದ ನಡುವೆ ಕುಳಿತುಬಿಟ್ಟ ಹುಡುಗಿ ಇವಳೇ ಎಂದು ನಂಬುವುದು ಕಷ್ಟವಾಯಿತು. ಮೋಕ್ಷಾ ತಿರುಗಿ ನಿಂತು ಕಾದಳು.

"ಕೂರಬೇಡಮ್ಮ. ಕೂತರೆ ಏಳಲಿಕ್ಕೆ ಕಷ್ಟ. ಮೆಲ್ಲ ಬಾ. ನಾನು ಆಸ್ಯಾಬಿಯ ಕಥೆ ಹೇಳ್ತೇನೆ."

"ಯಾವ ಆಸ್ಯಾಬಿ?"

ಹಾಗೆ ಸ್ವರ್ಣಲತಾ, ಮದುವೆಯಾಗಿ ಹದಿಮೂರು ವರ್ಷದ ಮೇಲೆ, ತನ್ನ ಅತ್ತೆಯ ಬದುಕನ್ನು ಮಗಳ ಬಾಯಿಂದ ಕೇಳಿದಳು. ಮಾವ ದೂಮಪ್ಪ ಕಾಮಾಲೆಯಾಗಿ ತೀರಿಕೊಂಡ ಹದಿನೇಳನೆಯ ದಿನಕ್ಕೆ ಅತ್ತೆ ಮತ್ತೆ ಬುಟ್ಟಿ ಎತ್ತಿದ್ದು. ಪ್ರಫುಲ್ಲಾ ಹುಟ್ಟುವ ಹಿಂದಿನ ದಿನವೂ ಚಂದ್ರನಗರದವರೆಗೆ ಹೋಗಿದ್ದು. ಸ್ವರ್ಣಲತಾ ಮಾತ್ರ ಇಷ್ಟು ದಿನ ಆಫೀಸಿನವರು ಕೇಳಿದಾಗ "ಅತ್ತೆಯವರದ್ದು ಮೊದಲು ಮೀನಿನ ವ್ಯಾಪಾರ ಇತ್ತು" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದಳು. ಮರುದಿನ ಅವಳು ಕ್ಯಾನ್ವಾಸ್ ಶೂ ಕೊಂಡಳು. ಬೆಳಿಗ್ಗೆ ಎರಡು ಗಂಟೆ ಬೇಗ ಹೋಗಿ ಸಂಜೆ ನಾಲ್ಕಕ್ಕೆ ಬಿಡುವಂತೆ ಕೆಲಸದ ಹೊತ್ತನ್ನು ಸರಿಸಿಕೊಂಡಳು.

ಮೂರು ವಾರ ತಾಯಿ ಮಗಳು ನಡೆದರು. ಒಂದು ಸಂಜೆ ಪರ್ಕಳದ ಪೇಟೆಗೆ ಬಂದಾಗ ಮೋಕ್ಷಾ, "ಅಮ್ಮ, ನನಗೆ ಅಜ್ಜಿಯ ದಾರಿ ಇಡೀ ನಡೆಯಬೇಕು. ಒಂದು ಸಲ," ಎಂದಳು.

ಭಾನುವಾರ ಸ್ವರ್ಣಲತಾ ಒಬ್ಬಳೇ ಕಾರ್ಕಳದ ಬಸ್ಸು ಹತ್ತಿದಳು. ಪ್ರಫುಲ್ಲಾಳ ಮನೆ ಗೊಮ್ಮಟಬೆಟ್ಟದ ಬುಡದಲ್ಲಿ. ಚಹಾ ಕೊಡುತ್ತ ಪ್ರಫುಲ್ಲಾ, "ಅಮ್ಮ ಬೆಟ್ಟ ಹತ್ತಿದ್ದಾಳೆ ಅತ್ತಿಗೆ. ದಿನಾ ಎರಡು ಸಲ. ಬೇಡ ಅಂದರೆ ಕೇಳುವುದಿಲ್ಲ," ಎಂದಳು. ಸ್ವರ್ಣಲತಾ ಹೊರಗೆ ಬಂದು ಕತ್ತೆತ್ತಿ ನೋಡಿದಳು. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳ ಸಾಲು ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು. ಮೇಲಿನಿಂದ ನೀಲಿ ಸೀರೆಯ ಒಂದು ಆಕೃತಿ ಕಟಕಟೆ ಹಿಡಿಯದೆ, ನಿಲ್ಲದೆ, ಹಗುರವಾಗಿ ಇಳಿದು ಬರುತ್ತಿತ್ತು. ಪ್ರವಾಸಿಗಳು ಅಲ್ಲಲ್ಲಿ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ಕುಳಿತಿದ್ದರು, ಅದು ಅವರ ನಡುವೆ ನೀರಿನಂತೆ ಹರಿದು ಬಂತು. ತನ್ನ ಅತ್ತೆ ಎಂದು ಗುರುತಾಗಲು ಸ್ವರ್ಣಲತಾಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಮಾಮಿ, ನಾನು ಬಾಯಿ ಜಾರಿದೆ. ಬನ್ನಿ, ಮನೆಗೆ ಹೋಗುವ," ಎಂದಳು.

ಚಂಪಕ್ಕ ಉಸಿರು ಸರಿಮಾಡಿಕೊಂಡಳು. "ಮಗು ನಡೀತಾ ಉಂಟಾ?"

"ನಾವಿಬ್ಬರೂ ನಡೀತಾ ಇದ್ದೇವೆ."

ಚಂಪಕ್ಕ ಸೊಸೆಯ ಶೂ ನೋಡಿದಳು. ಮುಸಿಮುಸಿ ನಕ್ಕಳು. "ಹಾಗಾದರೆ ಊಟ ಮಾಡಿ ಹೊರಡುವ."

ಡಿಸೆಂಬರಿನ ಎರಡನೆಯ ಭಾನುವಾರ ನಾಲ್ವರೂ ಮೊದಲ ಬಸ್ಸಿಗೆ ಕಾಪುವಿಗೆ ಹೋದರು. ದೋಣಿಗಳು ಆಗಷ್ಟೇ ದಡಕ್ಕೆ ಬರುತ್ತಿದ್ದವು. ಚಂಪಕ್ಕ ಕಡಲಿಗೆ ಕೈಮುಗಿದು, ನೆರಿಗೆ ಎತ್ತಿ ಸಿಕ್ಕಿಸಿದಳು. "ನೀರು ಕುಡಿಯುವುದು ನಿಂತುಕೊಂಡೇ. ಮಾತು ಕಡಿಮೆ. ನಡೀರಿ," ಎಂದಳು.

ಮಲ್ಲಾರಿನಲ್ಲಿ ಒಂದು ಗೇಟಿನ ಮುಂದೆ ಅವಳು ಅಭ್ಯಾಸಬಲದಿಂದ ಕೂಗಿಯೇಬಿಟ್ಟಳು: "ಮೀನೇ... ಬಂಗುಡೆ, ಬೂತಾಯೀ..." ಹದಿನಾಲ್ಕು ವರ್ಷದ ಮೇಲೆ ಎದ್ದ ಆ ಕೂಗಿಗೆ ಮೋಕ್ಷಾಳ ಮೈ ಜುಮ್ಮೆಂದಿತು. ಒಳಗಿಂದ ಬಿಳಿ ಕುಪ್ಪಸದ ಮುದುಕಿಯೊಬ್ಬಳು ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಳ್ಳುತ್ತ, ಗೋಡೆ ಹಿಡಿದು ಹೊರಬಂದಳು. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ.

"ಚಂಪಕ್ಕನಾ? ಅಲ್ಲಾ, ನೀನು ಬದುಕಿದ್ದೀಯಾ ಮಾರಾಯ್ತಿ!"

"ಬದುಕಿದ್ದೇನೆ ಆಸ್ಯಾಬಿ. ಇವತ್ತು ಮೀನಿಲ್ಲ. ಮೊಮ್ಮಗಳನ್ನು ತೋರಿಸಲಿಕ್ಕೆ ಬಂದೆ."

ಆಸ್ಯಾಬಿ ಮೋಕ್ಷಾಳ ಎರಡೂ ತೋಳು ಹಿಡಿದು ಒತ್ತಿ ನೋಡಿದಳು. "ಗಟ್ಟಿ ಉಂಟು," ಎಂದಳು. ಯಾರೂ ಹಿಂದೆ ಮೋಕ್ಷಾಳ ಮೈಯ ಬಗ್ಗೆ ಹಾಗೆ ಹೇಳಿರಲಿಲ್ಲ.

ಏಳು ಕಿಲೋಮೀಟರ್ ಆದಾಗ ಸುಕೇಶ್ ಕುಂಟತೊಡಗಿದ. ಒಂಬತ್ತನೆಯ ಕಿಲೋಮೀಟರಿಗೆ ಸ್ವರ್ಣಲತಾ ಮಾತು ನಿಲ್ಲಿಸಿದಳು. ಮೋಕ್ಷಾಳ ಕೆನ್ನೆ ಕೆಂಪಾಗಿತ್ತು, ಅಂಗಿ ಬೆನ್ನಿಗಂಟಿತ್ತು. ಒಮ್ಮೆ ಅತ್ತಳು ಕೂಡ. ಕೂರಲಿಲ್ಲ. ಶಿರ್ವದ ಇಗರ್ಜಿಯ ಶಿಲುಬೆ ಕಂಡಾಗ ಬಿಸಿಲು ಏರಿತ್ತು. ಹುಡುಗಿ ತಿರುಗಿ ತಾನು ನಡೆದು ಬಂದ ರಸ್ತೆಯನ್ನು ನೋಡಿದಳು. ಅದು ಇಳಿಜಾರಿನಲ್ಲಿ ಇಳಿದು, ತೋಟಗಳ ನಡುವೆ ಮರೆಯಾಗಿ, ಕಡಲಿನವರೆಗೂ ಹೋಗಿತ್ತು. ತನ್ನ ಕಾಲುಗಳನ್ನು ನೋಡಿಕೊಂಡಳು. ಇಷ್ಟನ್ನೂ ಇವೇ ನಡೆದದ್ದು.

ಫೌಸ್ಟಿನರು ಕುವೈಟಿನಲ್ಲಿ ಮೂವತ್ತು ವರ್ಷ ದುಡಿದು ಬಂದ ಎಂಬತ್ತರ ಮುದುಕರು. ಎರಡು ಮಾಳಿಗೆಯ ಮನೆಯ ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿ, ಶರಬತ್ತು ಕೊಡಿಸಿ, ಸುಕೇಶನಿಗೆ ಹೇಳಿದರು: "ನಿನ್ನ ಅಮ್ಮ ಈ ಜಗಲಿಯಲ್ಲಿ ಇವತ್ತು ಮೊದಲ ಸಲ ಕೂತದ್ದು, ಗೊತ್ತುಂಟಾ? ನನ್ನ ಹೆಂಡತಿ ಎಷ್ಟು ಕರೆದರೂ ಕೂರುತ್ತಿರಲಿಲ್ಲ. ಬುಟ್ಟಿ ಇಳಿಸಿದರೆ ಮತ್ತೆ ತಲೆಗೇರಿಸಲಿಕ್ಕೆ ಇನ್ನೊಬ್ಬರು ಬೇಕಲ್ವಾ? ದಾರಿಯಲ್ಲಿ ಯಾರು ಸಿಗ್ತಾರೆ? ಕಾಪುವಿನಲ್ಲಿ ಹೊತ್ತರೆ ಇಲ್ಲಿಗೆ ಬಂದೇ ಇಳಿಸುವುದು."

ಸುಕೇಶ್ ತಾಯಿಯ ಕಡೆ ನೋಡಲಾರದೆ ನೆಲ ನೋಡಿದ. ಅವನ ಕಣ್ಣು ತುಂಬಿತ್ತು.

ಹೊರಡುವಾಗ ಫೌಸ್ಟಿನರು ಹದಿನೈದು ಸುಲಿದ ತೆಂಗಿನಕಾಯಿ ಕೊಟ್ಟರು. ಹಾಕಿಕೊಳ್ಳಲು ತೋಟದ ಬೆತ್ತದ ಬುಟ್ಟಿ. ಸುಕೇಶ್ ಆಟೋಗೆ ಫೋನು ಮಾಡಹೊರಟ. ಚಂಪಕ್ಕ ತನ್ನ ಹೆಗಲ ಮೇಲಿನ ಬೈರಾಸು ಟವಲನ್ನು ಹುರಿ ಮಾಡಿ ಸುತ್ತಿ ಸಿಂಬೆಯಾಗಿ ತಲೆಯ ಮೇಲಿಟ್ಟಳು.

"ಬೇಡಮ್ಮ, ಅರುವತ್ತಾರು ವರ್ಷ ನಿನಗೆ!"

"ಸ್ವರ್ಣಾ, ಆ ಕಡೆ ಹಿಡಿ. ಮೋಕ್ಷಾ, ನೀನು ಈ ಕಡೆ."

ತಾಯಿ ಮಗಳು ಬುಟ್ಟಿ ಎತ್ತಿದರು. ಇಬ್ಬರು ಹಿಡಿದರೂ ಭಾರ ಕೈಗೆ ಹತ್ತಿತು. ತಲೆಯ ಮೇಲೆ ಕುಳ್ಳಿರಿಸಿದರು. "ಬಿಡಿ," ಎಂದಳು ಚಂಪಕ್ಕ. ಬಿಟ್ಟರು. ಕುತ್ತಿಗೆಯ ನರ ಒಮ್ಮೆ ಉಬ್ಬಿತು. ಆಮೇಲೆ ಬೆನ್ನು, ಭುಜ, ಸೊಂಟ ಎಲ್ಲ ಒಂದೇ ಗೆರೆಗೆ ಬಂದು ನಿಂತವು. ಅವಳು ಕೈಗಳನ್ನೂ ಬಿಟ್ಟು ಅಂಗಳ ದಾಟಿ ರಸ್ತೆಗಿಳಿದಳು. ಇಗರ್ಜಿಯಿಂದ ಬರುತ್ತಿದ್ದವರು ದಾರಿ ಬಿಟ್ಟು ನಿಂತರು. ಫೌಸ್ಟಿನರು ತಲೆಯ ಮೇಲಿನ ಟೊಪ್ಪಿ ತೆಗೆದರು. ಆ ನಡಿಗೆಯಷ್ಟು ಚೆಂದದ್ದನ್ನು ತಾನು ನೋಡಿಯೇ ಇಲ್ಲ ಎನ್ನಿಸಿತು ಸ್ವರ್ಣಲತಾಳಿಗೆ.

ಬಸ್‌ಸ್ಟಾಪಿನಲ್ಲಿ ಬುಟ್ಟಿ ಇಳಿಸಿದ ಮೇಲೆ ಸ್ವರ್ಣಲತಾ ಸುತ್ತ ನೋಡಿದಳು. ಹತ್ತಿಪ್ಪತ್ತು ಜನ ಇದ್ದರು. ಅವಳ ಆಸ್ಪತ್ರೆಯ ನರ್ಸೊಬ್ಬಳೂ ಇದ್ದಳು.

"ಮಾಮಿ," ಎಂದಳು, "ಒಮ್ಮೆ ನನ್ನ ತಲೆಯ ಮೇಲೆ ಇಡಿ."

ಚಂಪಕ್ಕ ಅವಳ ಮುಖವನ್ನೇ ನೋಡಿದಳು. ಸಿಂಬೆಯನ್ನು ಸೊಸೆಯ ನೆತ್ತಿಗೆ ಹೊಂದಿಸಿದಳು. ಐದು ಕಾಯಿ ತೆಗೆದಿಟ್ಟು, ಸುಕೇಶನೊಡನೆ ಬುಟ್ಟಿಯನ್ನು ಎತ್ತಿ ಇಟ್ಟಳು. "ಕೆಳಗೆ ನೋಡಬೇಡ. ದೂರ ನೋಡು. ಈಗ ಬಲಗಾಲು."

ಸ್ವರ್ಣಲತಾ ಬಲಗಾಲು ಎತ್ತಿಟ್ಟಳು. ಒಂದು ಹೆಜ್ಜೆ. ಎರಡು. ಬುಟ್ಟಿ ಓಲಾಡಿತು, ನಿಂತಿತು. ಚಂಪಕ್ಕ ಎರಡೂ ಕೈ ಚಾಚಿಕೊಂಡು ಮುಟ್ಟದೆ ಜೊತೆಗೆ ನಡೆದಳು. ಮೂರು. ನಾಲ್ಕು.

ಅಷ್ಟರಲ್ಲಿ ಕಾಪುವಿನ ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ಬಡಿದ: "ಹತ್ತಿ, ಹತ್ತಿ, ಬೇಗ!"

ಮೋಕ್ಷಾ ಓಡಿ ಹೋಗಿ ಬಸ್ಸಿನ ಮುಂದೆ ಅಡ್ಡ ನಿಂತಳು. ಬಸ್‌ಸ್ಟಾಪಿನವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೂಗಿ ಹೇಳಿದಳು:

"ಒಂದು ನಿಮಿಷ ನಿಲ್ಲಿಸಿ ಅಂಕಲ್! ನನ್ನ ಅಮ್ಮ ನಡೀತಾ ಇದ್ದಾರೆ!"